ಸೇಫ್ ಅಂತ ಕೂತ ರೇಡಿಯೋ: ಚಿಕ್ಕಪ್ಪನ ಆಕ್ಟೇವಿಯಾ ಸೆಟ್‌ಗೆ ಕೋಡ್ ಹುಡುಕಿದ್ದು

2019ರ ಜುಲೈ ಕೊನೆ, ಪುಷ್ಯ ಮಳೆ ಹಿಡಿದು ಕೂತಿತ್ತು. ಚಿಕ್ಕಪ್ಪನ ಫೋನ್ ಬಂತು. "ಹೊಸ ಬ್ಯಾಟರಿ ಹಾಕಿಸ್ದೆ ಮಾರಾಯ, ಗಾಡಿ ಏನೋ ಸ್ಟಾರ್ಟ್ ಆಯ್ತು. ಆದ್ರೆ ರೇಡಿಯೋ ಸತ್ತೋಯ್ತು. ಸೇಫ್ ಅಂತ ತೋರಿಸ್ಕೊಂಡು ಕೂತಿದೆ ಅಷ್ಟೆ." ಸತ್ತಿಲ್ಲ ಚಿಕ್ಕಪ್ಪ, ಕೋಡ್ ಕೇಳ್ತಾ ಇದೆ, ಯಾರೂ ಮುಟ್ಟಬೇಡಿ, ಭಾನುವಾರ ಬರ್ತೀನಿ ಅಂದೆ. ಅಷ್ಟರಲ್ಲಿ ತೋಟದ ಲೆಕ್ಕ ನೋಡುವ ರೈಟರು 0000 ಮತ್ತು 1234 ಎರಡನ್ನೂ ಒತ್ತಿ ನೋಡಿ ಆಗಿತ್ತು.

ಗಾಡಿ 2004ರ ಸ್ಕೋಡಾ ಆಕ್ಟೇವಿಯಾ, 1.9 ಲೀಟರ್ ಡೀಸೆಲ್. 2009ರಲ್ಲಿ ಬೆಂಗಳೂರಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಚಿಕ್ಕಮಗಳೂರು ಹತ್ತಿರದ ಆಲ್ದೂರಿನಿಂದ ಒಳಗೆ ತೋಟದ ಮನೆ, ಕಣದ ಪಕ್ಕದ ಶೆಡ್ಡಿನಲ್ಲಿ ಅದರ ವಾಸ. ಹಿಂದೆ ಬ್ಯಾಟರಿ ಬದಲಾಯಿಸಿದಾಗೆಲ್ಲ ಈ ತೊಂದರೆ ಯಾಕೆ ಬರಲಿಲ್ಲ ಅಂತ ನನಗೂ ಅನಿಸಿತು. ಆಮೇಲೆ ಗೊತ್ತಾಯಿತು, ಚಿಕ್ಕಮಗಳೂರಿನ ನಮ್ಮ ಹಳೇ ಮೆಕ್ಯಾನಿಕ್ ಬಹಳ ಜಾಣ. ಹಳೇ ಬ್ಯಾಟರಿ ಬಿಚ್ಚುವ ಮೊದಲೇ ಬೇರೊಂದು ಬ್ಯಾಟರಿಯಿಂದ ಜಂಪರ್ ಕೊಟ್ಟಿಟ್ಟು, ಒಂದು ಕ್ಷಣವೂ ಕರೆಂಟ್ ತಪ್ಪದ ಹಾಗೆ ಕೆಲಸ ಮುಗಿಸುತ್ತಿದ್ದರು. ಈ ಸಲ ಹಾಗಾಗಲಿಲ್ಲ. ಮಳೆ ಅಂತ ಗಾಡಿ ಶೆಡ್ಡಿನಲ್ಲೇ ನಿಂತು ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು. ಜಂಪರ್ ಕೊಡುವುದಕ್ಕೂ ಮೊದಲೇ ಸೆಟ್ಟಿಗೆ ಕರೆಂಟ್ ಇರಲಿಲ್ಲ.

ಇಲ್ಲಿ ನಡೆಯುವುದು ಇಷ್ಟೇ. ಸೆಟ್ಟಿನೊಳಗೆ ಎರಡು ಥರದ ನೆನಪು ಇರುತ್ತದೆ. ಒಂದಕ್ಕೆ ಸದಾ ಕರೆಂಟ್ ಬೇಕು. ನೀವು ಹಿಡಿದಿಟ್ಟ ಸ್ಟೇಷನ್‌ಗಳು, "ನನಗೆ ಕೋಡ್ ಕೊಟ್ಟಾಗಿದೆ" ಅನ್ನುವ ಗುರುತು, ಇವೆಲ್ಲ ಅದರಲ್ಲಿ ಇರುತ್ತವೆ. ಇನ್ನೊಂದು ಸಣ್ಣ ಚಿಪ್, ಈಪ್ರಾಮ್ ಅಂತ ಕರೆಯುತ್ತಾರೆ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಇದ್ದರೂ ಅದರಲ್ಲಿ ಬರೆದದ್ದು ಅಳಿಯುವುದಿಲ್ಲ, ಕೋಡ್ ಇರುವುದು ಅಲ್ಲಿ. ಕಳ್ಳರು ಕಾರಿನ ಗಾಜು ಒಡೆದು ಸೆಟ್ ಕಿತ್ತುಕೊಂಡು ಹೋಗುತ್ತಿದ್ದ ಕಾಲದಲ್ಲಿ ಮಾಡಿದ ಏರ್ಪಾಡು ಇದು. ಬ್ಯಾಟರಿ ಬಿಚ್ಚಿದ್ದು ಮಾಲೀಕನೋ ಕಳ್ಳನೋ ಅಂತ ಸೆಟ್ಟಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಎಲ್ಲರನ್ನೂ ಕೇಳುತ್ತದೆ.

ಕೋಡ್ ನಾಲ್ಕು ಅಂಕೆ. ಊಹಿಸಿ ನೋಡೋಣ ಅಂತ ಯಾರಿಗಾದರೂ ಅನಿಸುತ್ತದೆ, ಆದರೆ ದಯವಿಟ್ಟು ಬೇಡ. ಈ ಸೆಟ್‌ನಲ್ಲಿ ಎರಡು ಸಲ ತಪ್ಪಾದರೆ ಸುಮಾರು ಒಂದು ಗಂಟೆ ಬಾಗಿಲು ಹಾಕಿಕೊಳ್ಳುತ್ತದೆ. ಆ ಒಂದು ಗಂಟೆ ಸೆಟ್ ಆನ್ ಆಗಿಯೇ ಇರಬೇಕು. ಆಫ್ ಮಾಡಿ ಊಟ ಮಾಡಿ ಬಂದರೆ ಆ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು 10,000 ಸಾಧ್ಯತೆ, ಗಂಟೆಗೆ ಎರಡರ ಹಾಗೆ 5,000 ಗಂಟೆ. ಹಗಲು ರಾತ್ರಿ ಕೂತು ಒತ್ತಿದರೂ ಎಲ್ಲ ಮುಗಿಸಲು 208 ದಿನ ಬೇಕು. ಬ್ಯಾಟರಿ ಇನ್ನೊಂದು ಸಲ ಇಳಿಯುತ್ತದೆ ಅಷ್ಟೆ.

ಭಾನುವಾರ ಬೆಳಿಗ್ಗೆ ಹೋದವನು ಮೊದಲು ಕೂತದ್ದು ಫೈಲ್ ಮುಂದೆ. ಗಾಡಿಗೆ 15 ವರ್ಷ ತುಂಬಿದ್ದರಿಂದ ಆರ್‌ಸಿ ರಿನೀವಲ್‌ಗೆ ಅಂತ ಚಿಕ್ಕಪ್ಪ ಎಲ್ಲ ಕಾಗದ ಒಟ್ಟು ಮಾಡಿಟ್ಟಿದ್ದರು, ಅದೊಂದು ಅನುಕೂಲ ಆಯಿತು. ಸರ್ವಿಸ್ ಪುಸ್ತಕದ ಒಳರಟ್ಟು, ರೇಡಿಯೋ ಪುಸ್ತಕದ ಮಧ್ಯದ ಹಾಳೆ, ಹಳೇ ಇನ್ವಾಯ್ಸ್‌ಗಳ ಹಿಂದೆ ಪೆನ್ನಿನಲ್ಲಿ ಗೀಚಿದ್ದು, ಎರಡನೇ ಕೀ ಜೊತೆ ಕಟ್ಟಿದ ಚೀಟಿ, ಡ್ಯಾಶ್‌ಬೋರ್ಡ್ ಡಬ್ಬಿಯ ಒಳಗೋಡೆ, ಸ್ಟೆಪ್ನಿ ಇಡುವ ಗುಂಡಿ, ಎಲ್ಲ ಕಡೆ ನೋಡಿದೆ. ನಿಮ್ಮ ಗಾಡಿಗೆ ಇದೇ ತೊಂದರೆ ಬಂದರೆ ಇಲ್ಲಿಂದಲೇ ಶುರು ಮಾಡಿ. ಕೋಡ್ ಕಾರ್ಡ್ ಸಿಕ್ಕಿಬಿಟ್ಟರೆ ಐದು ನಿಮಿಷದ ಕೆಲಸ. ನಮಗೆ ಸಿಗಲಿಲ್ಲ. ಕಾರ್ಡ್ ಅಂಟಿಸಿದ್ದ ಜಾಗದಲ್ಲಿ ಗೋಂದಿನ ಕಲೆ ಮಾತ್ರ ಇತ್ತು. ಬೆಂಗಳೂರಿನ ಮೊದಲ ಮಾಲೀಕರ ನಂಬರಿಗೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿಕೊಂಡರು.

ಮುಂದಿನದು ಸೆಟ್ ಹೊರಗೆ ತೆಗೆಯುವುದು. ಅದರ ಮೈಮೇಲಿನ ಸ್ಟಿಕರ್‌ನಲ್ಲಿ 14 ಅಕ್ಷರದ ಸೀರಿಯಲ್ ನಂಬರ್ ಇರುತ್ತದೆ. ಸ್ಕೋಡಾ ಸೆಟ್ ಆದರೆ ಎಸ್‌ಕೆಝಡ್ ಅಂತ, ಫೋಕ್ಸ್‌ವ್ಯಾಗನ್ ಆದರೆ ವಿಡಬ್ಲ್ಯುಝಡ್ ಅಂತ, ಔಡಿ ಆದರೆ ಎಯುಝಡ್ ಅಂತ ಶುರುವಾಗುತ್ತದೆ. ಆ ನಂಬರ್ ಪೂರ್ತಿ ಇದ್ದು, ಆರ್‌ಸಿ ಮತ್ತು ನಿಮ್ಮ ಗುರುತಿನ ಚೀಟಿ ತೋರಿಸಿದರೆ ಡೀಲರ್ ಹತ್ತಿರ ಕೋಡ್ ತೆಗೆಸಬಹುದು. ಇದು ನೇರವಾದ ದಾರಿ, ಬಿಚ್ಚಿ ಬೆಸುಗೆ ಹಾಕುವ ಯಾವ ಗೋಜೂ ಇಲ್ಲ.

ಸೆಟ್ಟಿನ ಮುಖದಲ್ಲಿ ಸಣ್ಣ ಸೀಳುಗಳಿವೆ. ಅದಕ್ಕೆ ತೆಳು ತಗಡಿನ ಕೀ ತೂರಿಸಿದರೆ ಒಳಗಿನ ಸ್ಪ್ರಿಂಗ್ ಕೊಂಡಿ ಬಿಡುತ್ತದೆ. ಕೀ ನಮ್ಮ ಹತ್ತಿರ ಇರಲಿಲ್ಲ. ಮೊದಲು ಒಂದು ತೆಳು ಸ್ಕ್ರೂಡ್ರೈವರ್ ಹಾಕಿ ನೋಡಿದೆ, ಫಲಕದ ಅಂಚಿನಲ್ಲಿ ಒಂದು ಗೀರು ಬಿತ್ತು. ಹೊಟ್ಟೆ ಉರಿದು ಅಲ್ಲಿಗೇ ನಿಲ್ಲಿಸಿದೆ. ಹ್ಯಾಕ್ಸಾ ಬ್ಲೇಡ್ ತುಂಡುಗಳನ್ನು ಗ್ರೈಂಡರ್‌ಗೆ ಹಿಡಿದು, ತುದಿ ಚೂಪು ಮಾಡಿ, ಒಂದು ಬದಿಯಲ್ಲಿ ಕೊಂಡಿ ಸಿಕ್ಕಿಕೊಳ್ಳುವ ಹಾಗೆ ಕಚ್ಚು ಕೊರೆದೆ. ಎರಡು ತುಂಡು ಹಾಳಾದವು, ಆಮೇಲಿನವು ಸರಿ ಹೋದವು. ಕ್ಲಿಕ್ ಅಂತ ಕೇಳಿದ ಮೇಲೆ ಎರಡೂ ಕಡೆ ಸಮ ಎಳೆದರೆ ಸೆಟ್ ಸರಾಗ ಬರುತ್ತದೆ. ಹಿಂದೆ ಆಂಟೆನಾ ಪ್ಲಗ್ ಮತ್ತು ವೈರ್ ಕನೆಕ್ಟರ್, ಎರಡನ್ನೂ ವೈರ್ ಹಿಡಿದು ಎಳೆಯದೆ ಪ್ಲಗ್ ಹಿಡಿದೇ ಬಿಡಿಸಿ.

ಸ್ಟಿಕರ್ ಇತ್ತು. ಆದರೆ ಮಲೆನಾಡಿನ ಹತ್ತು ಮಳೆಗಾಲದ ತೇವಕ್ಕೆ ಕಾಗದದ ಕೊನೆ ಹಪ್ಪಳದ ಹಾಗೆ ಎದ್ದು ಉದುರಿತ್ತು. ಎಸ್‌ಕೆಝಡ್ ಚೆನ್ನಾಗಿ ಕಾಣುತ್ತದೆ, ಮುಂದಿನ ಕೆಲವು ಅಕ್ಷರವೂ ಕಾಣುತ್ತವೆ, ಕೊನೆಯ ಮೂರು ಅಂಕೆ ಇಲ್ಲವೇ ಇಲ್ಲ. ಟಾರ್ಚ್ ಓರೆಯಾಗಿ ಬಿಟ್ಟು, ಫೋಟೋ ತೆಗೆದು ದೊಡ್ಡದು ಮಾಡಿ, ಅಚ್ಚಿನ ಗುರುತಾದರೂ ಇದೆಯಾ ಅಂತ ಹುಡುಕಿದೆ. ಬರೀ ತಗಡು.

ಆದರೂ ಸೋಮವಾರ ಡೀಲರ್ ಒಬ್ಬರಿಗೆ ಫೋನ್ ಮಾಡಿದೆ. ಚಾಸಿ ನಂಬರ್, ಆರ್‌ಸಿ ಕಾಪಿ ಎಲ್ಲ ಕಳಿಸಿದೆ. ಸೀರಿಯಲ್ ಪೂರ್ತಿ ಇಲ್ಲದೆ ಆಗುವುದಿಲ್ಲ ಅಂದರು. ಅದು ಸರಿಯೇ, ಅರ್ಧ ನಂಬರಿಗೆ ಕೋಡ್ ಕೊಟ್ಟರೆ ಈ ಬೀಗಕ್ಕೆ ಅರ್ಥವೇ ಇರುವುದಿಲ್ಲ. ಆದರೆ ಜೊತೆಗೆ "ಅಷ್ಟು ಹಳೇ ಸೆಟ್ ಯಾಕೆ ಸಾರ್, ಬಿಸಾಕಿ ಹೊಸದು ಹಾಕಿಸಿ" ಅಂದರಲ್ಲ, ಅದು ನನಗೆ ಹಿಡಿಸಲಿಲ್ಲ. ಎಂ.ಜಿ. ರೋಡಿನ ಅಂಗಡಿ ಕಡೆ ವಿಚಾರಿಸಿದಾಗಲೂ ಅದೇ ಮಾತು, ದೊಡ್ಡ ಪರದೆಯ ಸೆಟ್ ತೋರಿಸಿದರು. ಇದರಲ್ಲಿ ಮೀಡಿಯಂ ವೇವ್ ಬರುತ್ತಾ ಅಂದರೆ ಅಂಗಡಿಯ ಹುಡುಗ ನನ್ನ ಮುಖ ನೋಡಿದ.

ನನಗೆ ಈ ಸೆಟ್ಟೇ ಬೇಕು ಅನ್ನಲು ಕಾರಣ ಅದೇ. ತೋಟದ ಮನೆ ಇರುವುದು ಗುಡ್ಡದ ಮಡಿಲಲ್ಲಿ. ಹಾಸನ ಆಕಾಶವಾಣಿ ಎಫ್‌ಎಂ 102.2ರಲ್ಲಿ ಬರುತ್ತದೆ, ಆದರೆ ಎಫ್‌ಎಂ ಅಲೆ ಹೆಚ್ಚು ಕಡಿಮೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. ರಸ್ತೆಯ ಒಂದು ತಿರುವಿನಲ್ಲಿ ಸ್ಪಷ್ಟ, ಇಪ್ಪತ್ತು ಮಾರು ಮುಂದೆ ಹೋದರೆ ಬರೀ ಸರಸರ. ಮೀಡಿಯಂ ವೇವ್ ಹಾಗಲ್ಲ. ಭದ್ರಾವತಿಯ 675 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆ ನೆಲ ಹಿಡಿದುಕೊಂಡು ಗುಡ್ಡ ಬಳಸಿ ಕಣಿವೆಯೊಳಗೂ ಇಳಿಯುತ್ತದೆ. ಚಿಕ್ಕಪ್ಪ ಬೆಳಿಗ್ಗೆ ತೋಟ ಸುತ್ತಲು ಹೊರಟರೆ ಭದ್ರಾವತಿ ಹಾಕಿಕೊಂಡೇ ಹೊರಡುವುದು.

ಹೊರದೇಶದ ಹಳೇ ಸೆಟ್ ತಂದು ಹಾಕಿಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು. ಅಮೆರಿಕಕ್ಕೆ ಅಂತ ಮಾಡಿದ ಸೆಟ್ ಎಎಂನಲ್ಲಿ, ಅಂದರೆ ಮೀಡಿಯಂ ವೇವ್‌ನಲ್ಲಿ, 10 ಕಿಲೋಹರ್ಟ್ಸ್ ಹೆಜ್ಜೆ ಹಾಕುತ್ತದೆ, 670 ಆದಮೇಲೆ 680. ನಮ್ಮ ಕಡೆ ಹೆಜ್ಜೆ 9, ಹಾಗಾಗಿ 675 ಅದಕ್ಕೆ ಸಿಗುವುದೇ ಇಲ್ಲ. ಎಫ್‌ಎಂನಲ್ಲಿ ಕೂಡ 102.1 ಬಿಟ್ಟರೆ 102.3ಕ್ಕೆ ಹಾರುತ್ತದೆ. ಸೆಟ್ಟಿನಲ್ಲಿ ದೇಶ ಬದಲಾಯಿಸುವ ಆಯ್ಕೆ ಇದೆಯಾ ಅಂತ ನೋಡಿಕೊಂಡೇ ದುಡ್ಡು ಕೊಡಿ. ಚಿಕ್ಕಪ್ಪನ ಸೆಟ್ ಯುರೋಪಿನ ಲೆಕ್ಕದ್ದು, 9ರ ಹೆಜ್ಜೆ.

ಹಾಗಾಗಿ ಸೆಟ್ಟನ್ನು ಚಿಕ್ಕಮಗಳೂರಿಗೆ, ನನ್ನ ಮೇಜಿಗೆ ತಂದೆ. ಉಳಿದದ್ದು ಒಂದೇ ದಾರಿ, ಚಿಪ್ ಓದುವುದು.

ಮೇಲಿನ ತಗಡು, ಕೆಳಗಿನ ತಗಡು ಬಿಚ್ಚಿದೆ. ಕ್ಯಾಸೆಟ್ ಡೆಕ್ ಅಡ್ಡ ಇರುತ್ತದೆ, ಅದನ್ನು ನಾಲ್ಕು ಸ್ಕ್ರೂ ತೆಗೆದು ರಿಬ್ಬನ್ ವೈರ್ ಬಿಡಿಸಿ ಪಕ್ಕಕ್ಕಿಟ್ಟೆ. ಎಲ್ಲ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಮೊಟ್ಟೆ ಟ್ರೇನಲ್ಲಿ ಹಾಕುವುದು ನನ್ನ ಅಭ್ಯಾಸ. ಬೋರ್ಡಿನ ಮೇಲೆ ದೊಡ್ಡ ಪ್ರೊಸೆಸರ್ ಪಕ್ಕದಲ್ಲೇ ಎಂಟು ಕಾಲಿನ ಪುಟ್ಟ ಚಿಪ್ ಕೂತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ 24ಸಿ16 ಅಂತ ಬರಹ. 2,048 ಬೈಟ್ ಹಿಡಿಸುವ ಚಿಪ್. ಒಂದು ಹಾಳೆಗೆ ಎರಡು ಸಾವಿರ ಅಕ್ಷರ ಬರೆದಷ್ಟೇ, ಅದರಲ್ಲೇ ಎಲ್ಲೋ ನಮ್ಮ ನಾಲ್ಕು ಅಂಕೆ.

ಓದಲು ಸಿಎಚ್341ಎ ಅನ್ನುವ ಯುಎಸ್‌ಬಿ ಪ್ರೋಗ್ರಾಮರ್ ನನ್ನ ಹತ್ತಿರ ಇತ್ತು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಹಳೇ 24 ಸರಣಿಯ ಚಿಪ್‌ಗಳಿಗೆ ಧಾರಾಳವಾಗಿ ಸಾಕು. ಹೊಸ ಉಪಕರಣಗಳಲ್ಲಿ ಬರುವ 1.8 ವೋಲ್ಟ್ ಚಿಪ್‌ಗಳನ್ನು ಮಾತ್ರ ಇದಕ್ಕೆ ನೇರ ಹಾಕಬೇಡಿ, ಸುಟ್ಟುಹೋಗುತ್ತವೆ. ಜೊತೆಗೆ ಬಟ್ಟೆ ಕ್ಲಿಪ್ಪಿನ ಥರದ ಎಂಟು ಕಾಲಿನ ಕ್ಲಿಪ್ ಬರುತ್ತದೆ. ಚಿಪ್ ಬಿಚ್ಚದೆ ಬೋರ್ಡಿನ ಮೇಲೇ ಕಚ್ಚಿಸಿ ಓದಬಹುದು ಅನ್ನುತ್ತಾರೆ. ನಾನೂ ಹಾಗೇ ಶುರು ಮಾಡಿದೆ.

ಮೊದಲ ಸಲ ಓದಿದಾಗ ಪೂರ್ತಿ ಎಫ್‌ಎಫ್, ಅಂದರೆ ಖಾಲಿ. ಕ್ಲಿಪ್ ಸರಿಮಾಡಿ ಎರಡನೇ ಸಲ ಓದಿದರೆ ಏನೇನೋ ಬಂತು. ಮೂರನೇ ಸಲ ಬೇರೆಯದೇ ಬಂತು. ಇಲ್ಲಿ ಜಾಸ್ತಿ ಹೊತ್ತು ಕಳೆದೆ, ಕ್ಲಿಪ್ಪೇ ಸರಿ ಇಲ್ಲ ಅಂದುಕೊಂಡು ಚಿಪ್ಪಿನ ಕಾಲುಗಳನ್ನೆಲ್ಲ ಐಪಿಎ (ಶುಚಿ ಮಾಡುವ ಆಲ್ಕೋಹಾಲ್) ಹಾಕಿ ಉಜ್ಜಿದೆ. ಕಾರಣ ಬೇರೆ ಇತ್ತು. ಕ್ಲಿಪ್ಪಿನಿಂದ ಚಿಪ್ಪಿಗೆ ಕೊಟ್ಟ ಕರೆಂಟ್ ಬೋರ್ಡಿನ ದಾರಿ ಹಿಡಿದು ಪಕ್ಕದ ಪ್ರೊಸೆಸರ್‌ಗೂ ಹೋಗುತ್ತದೆ. ಅದು ಅರ್ಧ ಎಚ್ಚರವಾಗಿ, ನಾವು ಚಿಪ್ ಓದುತ್ತಿರುವ ಅದೇ ಎರಡು ಗೆರೆಗಳ ಮೇಲೆ ತಾನೂ ಮಾತಾಡಲು ಶುರು ಮಾಡುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಏನು ಕೇಳಿಸುತ್ತದೆ ಹೇಳಿ.

ಚಿಪ್ ಬಿಚ್ಚಲೇಬೇಕಾಯಿತು. ಸುತ್ತಲಿನ ಪ್ಲಾಸ್ಟಿಕ್ಕಿಗೆ ಕಾವು ತಾಗದಂತೆ ಕಂದು ಬಣ್ಣದ ಶಾಖ ತಡೆಯುವ ಟೇಪ್ ಅಂಟಿಸಿ, ಬೆಸುಗೆ ಸಲೀಸಾಗಿ ಹರಿಯಲು ಫ್ಲಕ್ಸ್ ಹಚ್ಚಿ, ಬಿಸಿಗಾಳಿ ಊದುವ ಹಾಟ್ ಏರ್‌ನಲ್ಲಿ ನಿಧಾನಕ್ಕೆ ಎತ್ತಿದೆ. ಬಿಚ್ಚುವ ಮೊದಲು ಒಂದನೇ ಕಾಲಿನ ಚುಕ್ಕೆ ಯಾವ ಕಡೆ ಇದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಉಲ್ಟಾ ಕೂರಿಸಿದರೆ ಇಷ್ಟೆಲ್ಲ ಮಾಡಿದ್ದು ನೀರಿಗೆ ಹೋಗುತ್ತದೆ. ಅಡಾಪ್ಟರ್ ಬೋರ್ಡಿಗೆ ಹಾಕಿ ಮೂರು ಸಲ ಓದಿದೆ, ಮೂರು ಫೈಲ್ ಮಾಡಿದೆ, ಮೂರನ್ನೂ ಹೋಲಿಸಿದೆ. ಒಂದು ಬೈಟೂ ವ್ಯತ್ಯಾಸವಿಲ್ಲ. ಮೂರು ಒಂದೇ ಥರ ಬಂದ ಮೇಲೇ ಆ ಓದನ್ನು ನಂಬಬೇಕು. ಪ್ರೋಗ್ರಾಮರ್‌ನ ಬರೆಯುವ ಗುಂಡಿ, ಅಳಿಸುವ ಗುಂಡಿ, ಇವೆರಡರ ಹತ್ತಿರ ಕೈ ಒಯ್ಯಲೇ ಇಲ್ಲ. ನಮಗೆ ಬೇಕಿರುವುದು ಓದುವುದು ಮಾತ್ರ.

ಈಗ ಹುಡುಕಾಟ. ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆದರೆ ಸಾಲು ಸಾಲು ಜೋಡಿ ಅಕ್ಷರಗಳು. ಒಂದು ಜೋಡಿ ಅಂದರೆ ಒಂದು ಬೈಟ್, 0ರಿಂದ 9 ಮತ್ತು ಎ ಇಂದ ಎಫ್‌ವರೆಗಿನ ಅಕ್ಷರಗಳಲ್ಲಿ ಬರೆದದ್ದು. ಇಂಥ ಹಳೇ ಸೆಟ್‌ಗಳಲ್ಲಿ ಒಂದು ಬೈಟ್‌ನಲ್ಲಿ ಎರಡು ಅಂಕೆ ಇಡುವ ಪದ್ಧತಿ ಇದೆ, ಬಿಸಿಡಿ ಅನ್ನುತ್ತಾರೆ. 47 ಅಂತ ಕಂಡರೆ ಅದು ನಾಲ್ಕು ಮತ್ತು ಏಳು. ನಾಲ್ಕು ಅಂಕೆಯ ಕೋಡ್‌ಗೆ ಎರಡು ಬೈಟ್ ಸಾಕು. ಹಾಗಿಟ್ಟಿದ್ದರೆ ಎ ಇಂದ ಎಫ್‌ವರೆಗಿನ ಅಕ್ಷರ ಇರುವ ಬೈಟ್ ಯಾವುದೂ ಕೋಡ್ ಆಗಿರಲು ಸಾಧ್ಯವಿಲ್ಲ. ಅಷ್ಟರಲ್ಲೇ ದೊಡ್ಡ ಭಾಗ ಜರಡಿಯಿಂದ ಕೆಳಗಿಳಿಯಿತು. ಮುಖ್ಯವಾದ ಮಾಹಿತಿಯನ್ನು ತಯಾರಕರು ಒಂದಕ್ಕಿಂತ ಹೆಚ್ಚು ಕಡೆ ಬರೆದಿಡುವುದು ಉಂಟು, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಹಾಗಾಗಿ ಎರಡು ಕಡೆ ಕಾಣುವ, ಬರೀ ಅಂಕೆಗಳಿರುವ ಬೈಟ್ ಜೋಡಿ ಯಾವುದು ಅಂತ ನೋಡುತ್ತಾ ಹೋದೆ. ಸೊನ್ನೆಗಳ ಸಾಲು ಬಿಟ್ಟರೆ ಉಳಿದದ್ದು ಒಂದೇ ಜೋಡಿ. ರಾತ್ರಿ ಹನ್ನೊಂದೂವರೆ ಆಗಿತ್ತು. ಮನೆಯವರು ಮಲಗಿದ್ದರು, ಎಬ್ಬಿಸಿ ಹೇಳೋಣ ಅನಿಸಿತು, ಆದರೆ ಇನ್ನೂ ಖಾತ್ರಿ ಆಗಿರಲಿಲ್ಲ.

ಎಲ್ಲ ಸೆಟ್‌ಗಳಲ್ಲೂ ಹೀಗೇ ನೇರವಾಗಿ ಸಿಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಸೆಟ್‌ಗಳಲ್ಲಿ ಕೋಡ್ ತಿರುಚಿ ಬರೆದಿರುತ್ತಾರೆ. ಆಮೇಲಿನ ಕಾಲದ ಗಾಡಿಗಳಲ್ಲಿ ಸೆಟ್ ಮತ್ತು ಗಾಡಿ ಒಂದನ್ನೊಂದು ಗುರುತು ಹಿಡಿದುಕೊಳ್ಳುವ ಹಾಗೆ ಮಾಡಿದ್ದಾರೆ, ಅದೇ ಗಾಡಿಯಲ್ಲಿ ಇರುವವರೆಗೆ ಬ್ಯಾಟರಿ ಬಿಚ್ಚಿದರೂ ಕೋಡ್ ಕೇಳುವುದಿಲ್ಲ.

ಬೆಳಿಗ್ಗೆ ಎದ್ದು ಚಿಪ್ಪನ್ನು ವಾಪಸ್ ಕೂರಿಸಿದೆ. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯಿಂದ, ನಡುವೆ ಫ್ಯೂಸ್ ಹಾಕಿ, ಮೇಜಿನ ಮೇಲೇ ಸೆಟ್ಟಿಗೆ ಕರೆಂಟ್ ಕೊಟ್ಟೆ. ಸ್ಪೀಕರ್ ಒಂದನ್ನು ಕಟ್ಟಿದೆ. ಸೇಫ್ ಅಂತ ಬಂತು, ಮೂರು ಸೆಕೆಂಡ್ ಬಿಟ್ಟು 1000 ಅಂತ ಬಂತು. 1000 ಕೋಡ್ ಅಲ್ಲ, ಇಲ್ಲಿಂದ ತಿದ್ದಿಕೊಂಡು ಹೋಗು ಅನ್ನುವುದು ಅದರ ಅರ್ಥ. ಸ್ಟೇಷನ್ ಗುಂಡಿ ಒಂದನೆಯದು ಮೊದಲ ಅಂಕೆಗೆ, ಎರಡನೆಯದು ಎರಡನೇ ಅಂಕೆಗೆ, ಹೀಗೆ ನಾಲ್ಕು. ಅಂಕೆ ಸರಿಯಾದ ಮೇಲೆ ಸ್ಟೇಷನ್ ಹುಡುಕುವ ಗುಂಡಿಯ ಬಲಭಾಗವನ್ನು ಎರಡು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಕು.

ಚಿಪ್ಪಿನಲ್ಲಿ ಕಂಡ ಕ್ರಮದಲ್ಲೇ ಹಾಕಿದೆ. ಮತ್ತೆ ಸೇಫ್.

ಎದೆ ಧಸಕ್ಕೆಂದಿತು. ಇನ್ನೊಂದೇ ಅವಕಾಶ, ತಪ್ಪಿದರೆ ಒಂದು ಗಂಟೆ ಕಾಯಬೇಕು. ಕಾಯುವುದು ಕಷ್ಟ ಅಲ್ಲ, ಆದರೆ ಬೇರೆ ಜೋಡಿ ಇಲ್ಲವಲ್ಲ. ಒಂದು ಲೋಟ ಕಾಫಿ ಕುಡಿದು ಯೋಚನೆ ಮಾಡಿದೆ. ಎಷ್ಟೋ ಪ್ರೊಸೆಸರ್‌ಗಳು ಎರಡು ಬೈಟ್‌ನ ಸಂಖ್ಯೆಯನ್ನು ಹಿಂದುಮುಂದಾಗಿ ಇಡುತ್ತವೆ, ಕೊನೆಯ ಎರಡು ಅಂಕೆ ಮೊದಲು, ಮೊದಲಿನ ಎರಡು ಆಮೇಲೆ. ಬೈಟ್‌ಗಳನ್ನು ಅದಲು ಬದಲು ಮಾಡಿ ಹಾಕಿದೆ. ಗುಂಡಿ ಒತ್ತಿ ಹಿಡಿದೆ. ಪರದೆ ಒಮ್ಮೆ ಖಾಲಿಯಾಯಿತು, ಆಮೇಲೆ ಎಫ್‌ಎಂ ಅಂತ ಬಂದು ಸ್ಪೀಕರ್‌ನಿಂದ ಸರ್ ಅಂತ ಸದ್ದು. ಆಂಟೆನಾ ಜಾಗಕ್ಕೆ ಒಂದು ತುಂಡು ವೈರ್ ಸಿಕ್ಕಿಸಿದೆ, ಯಾರೋ ಕನ್ನಡ ಮಾತಾಡಿದರು. ಎಷ್ಟು ಖುಷಿ ಆಯಿತು ಅಂತ ಹೇಳಲು ಬರುವುದಿಲ್ಲ.

ಆದರೆ ಆಫ್ ಮಾಡಿ, ಕೀ ಕರೆಂಟಿನ ಲೆಕ್ಕದಲ್ಲಿ ಕೊಟ್ಟಿದ್ದ ಕೆಂಪು ವೈರ್ ತೆಗೆದು ಮತ್ತೆ ಕೊಟ್ಟರೆ ಪುನಃ ಸೇಫ್! ಇದು ಬಹಳ ಜನರನ್ನು ಕಾಡುವ ವಿಷಯ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸೆಟ್ಟಿನ ಹಿಂದಿನ ಎಂಟು ಪಿನ್ನಿನ ಕನೆಕ್ಟರ್‌ನಲ್ಲಿ, ಸಾಮಾನ್ಯ ಐಎಸ್‌ಒ ಪದ್ಧತಿಯ ಪ್ರಕಾರ 4ನೇ ಪಿನ್ ಸದಾ ಇರುವ ಕರೆಂಟ್, 7ನೆಯದು ಕೀ ತಿರುಗಿಸಿದಾಗ ಬರುವ ಕರೆಂಟ್, 8 ಅರ್ಥಿಂಗ್. ಫೋಕ್ಸ್‌ವ್ಯಾಗನ್ ಬಳಗದ ಗಾಡಿಗಳಲ್ಲಿ 4 ಮತ್ತು 7 ಅದಲು ಬದಲು. ನಾನು ಸಾಮಾನ್ಯ ಲೆಕ್ಕದಲ್ಲಿ ವೈರ್ ಕೊಟ್ಟಿದ್ದೆ, ಹಾಗಾಗಿ ಕೆಂಪು ತೆಗೆದಾಗ ಸೆಟ್ಟಿನ ನೆನಪಿನ ಕರೆಂಟೇ ಹೋಗುತ್ತಿತ್ತು. ಎರಡನ್ನು ಬದಲಾಯಿಸಿದೆ, ಸರಿಹೋಯಿತು. ಹೊರಗಿನ ಅಡಾಪ್ಟರ್ ವೈರ್ ಹಾಕಿಸಿದ ಮೇಲೆ ಪ್ರತಿ ಸಲ ಕೀ ತೆಗೆದಾಗಲೂ ಕೋಡ್ ಕೇಳುತ್ತದೆ, ಸ್ಟೇಷನ್ ಮರೆತುಹೋಗುತ್ತದೆ ಅನ್ನುವವರು ಮೊದಲು ಹಳದಿ (ಸದಾ ಇರುವ ಕರೆಂಟ್), ಕೆಂಪು (ಕೀ ಕರೆಂಟ್) ಎರಡು ವೈರ್ ನೋಡಿ.

ಮುಂದಿನ ಭಾನುವಾರ ತೋಟಕ್ಕೆ ಹೋಗಿ ಸೆಟ್ ಕೂರಿಸಿದೆ. ಚಿಕ್ಕಪ್ಪ ಎಎಂ ಗುಂಡಿ ಒತ್ತಿ 675ಕ್ಕೆ ತಂದರು. ಬರೀ ಗುಂಯ್ ಅಂತ ಕೊರೆತ. ಅವರ ಮುಖ ಸಪ್ಪೆಯಾಯಿತು, ನನ್ನದೂ ಆಯಿತು. ಆಮೇಲೆ ನೋಡಿದರೆ ಸಿಗರೇಟ್ ಲೈಟರ್ ಜಾಗದಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸಿಟ್ಟಿದ್ದರು. ಅಗ್ಗದ ಚಾರ್ಜರ್‌ಗಳು ಮೀಡಿಯಂ ವೇವ್‌ಗೆ ಪರಮ ಶತ್ರು. ಕಿತ್ತು ತೆಗೆದ ಕೂಡಲೇ ಕೊರೆತ ನಿಂತು ಭದ್ರಾವತಿ ಕೇಳಿಸಿತು. "ಇದೇ ನೋಡು ಧ್ವನಿ" ಅಂದರು ಚಿಕ್ಕಪ್ಪ. ಚಿಕ್ಕಮ್ಮ ಒಳಗಿನಿಂದ ಕಡುಬು ತಂದು ಗಾಡಿಯ ಬಾನೆಟ್ ಮೇಲೇ ಇಟ್ಟರು.

ಅದಾಗಿ ಕೆಲವೇ ದಿನಕ್ಕೆ ಆಗಸ್ಟ್ ಮಳೆ ಸುರಿಯಿತು. ಮೂಡಿಗೆರೆ ಕಡೆ ಗುಡ್ಡ ಜರಿದದ್ದು ನಿಮಗೆಲ್ಲ ನೆನಪಿರಬಹುದು. ತೋಟದಲ್ಲಿ ಕರೆಂಟ್ ಇಲ್ಲ, ಟವರ್ ಇಲ್ಲ, ಫೋನ್ ಸುಮ್ನೆ ಜೇಬಿನಲ್ಲಿ. ಚಿಕ್ಕಪ್ಪ, ರೈಟರು, ಲೈನ್ ಮನೆಯ ಕೆಲಸಗಾರರು ಎಲ್ಲ ಶೆಡ್ಡಿನಲ್ಲಿ ಗಾಡಿಯ ಬಾಗಿಲು ತೆಗೆದಿಟ್ಟುಕೊಂಡು ಸುದ್ದಿ ಕೇಳುತ್ತಿದ್ದರಂತೆ. ದಾರಿ ತೆರೆದ ಮೇಲೆ ನಾನು ಹೋದಾಗ ರೈಟರೇ ಹೇಳಿದರು.

ಕೋಡ್ ಏನು ಅಂತ ಇಲ್ಲಿ ಬರೆಯುವುದಿಲ್ಲ. ಚೀಟಿಯಲ್ಲಿ ಬರೆದು ಆರ್‌ಸಿ ಕಾಪಿ ಜೊತೆ ಮನೆಯ ಬೀರುವಿನಲ್ಲಿ ಇಡಿಸಿದ್ದೇನೆ, ಗಾಡಿಯಲ್ಲಿ ಇಡಬೇಡಿ ಅಂತ ಹೇಳಿದ್ದೇನೆ. ಚಿಪ್ಪಿನ ಫೈಲ್ ನನ್ನ ಹತ್ತಿರ ಇದೆ. ಉಳಿದಿರುವುದು ಕ್ಯಾಸೆಟ್ ಡೆಕ್. ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿದೆ. ಚಿಕ್ಕಪ್ಪನ ಹತ್ತಿರ ಒಂದು ಟ್ರಂಕ್ ತುಂಬ ಯಕ್ಷಗಾನದ ಕ್ಯಾಸೆಟ್ ಇವೆ. ಬೆಲ್ಟ್ ಅಳತೆ ದಾರ ಸುತ್ತಿ ತೆಗೆದುಕೊಂಡು ಬಂದಿದ್ದೇನೆ.